ತಂಗಿಯ ಜೊತೆ ಡೇಟಾ ಕ್ಲಾಸಿಗೆ

ಹೊಟ್ಟೆಕಿಚ್ಚು ಎನ್ನುವುದನ್ನು ಜನ ಯಾವಾಗಲೂ ಬೇರೆಯವರ ಮೇಲೆ ಹಾಕಿ ಮಾತಾಡುತ್ತಾರೆ. ನನಗೆ ಆ ನಾಚಿಕೆ ಇಲ್ಲ. ನನ್ನ ತಂಗಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು, ಅವಳು ತೊಟ್ಟಿಲಲ್ಲಿದ್ದಾಗಿನಿಂದಲೂ. ಹುಟ್ಟುವಾಗ ಸಣಕಲಾಗಿದ್ದಳು ಎಂದು ಮನೆಯ ಹಾಲಿನ ಕೆನೆಯೆಲ್ಲ ಅವಳ ಪಾಲಾಯಿತು. ಆಮೇಲೆ ಅವಳಿಗೆ ಒಂದು ನೆಗಡಿ ಬಂದದ್ದೂ ನನಗೆ ನೆನಪಿಲ್ಲ, ಕೆನೆ ಮಾತ್ರ ಮದುವೆಯಾಗಿ ಹೋಗುವವರೆಗೂ ಅವಳಿಗೇ. ನಾನು ನಕ್ಕರೆ ‘ಯಾಕ ನಗ್ತಿ?’ ಎಂದು ಕೇಳುತ್ತಿದ್ದ ಅಪ್ಪ, ಅವಳು ನಕ್ಕರೆ ತಾನೂ ನಗುತ್ತಿದ್ದ. ಇದನ್ನು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿರಲಿಲ್ಲ, ಯಾಕೆಂದರೆ ಅವಳು ನಿಜಕ್ಕೂ ಒಳ್ಳೆಯವಳು. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಲು ಕಷ್ಟದ ಕೆಲಸ, ಒಬ್ಬರೂ ನಮ್ಮ ಕಡೆ ಬರುವುದಿಲ್ಲ.

ಅವಳನ್ನು ಹರಿಹರಕ್ಕೆ ಕೊಟ್ಟರು. ಗಂಡ ಗುತ್ತೂರಿನ ಹತ್ತಿರದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ನನ್ನನ್ನು ಕೊಟ್ಟದ್ದು ಇಲ್ಲೇ ದಾವಣಗೆರೆ ಮಗ್ಗುಲಿನ ಶಾಮನೂರಿಗೆ, ಎಮ್ಮೆ ಕಟ್ಟಿದ ಮನೆಗೆ. ತವರುಮನೆ ಆನೆಕೊಂಡದಲ್ಲಿ. ಅಪ್ಪನದು ದಾವಣಗೆರೆಯ ಹಳೇ ಪೇಟೆಯಲ್ಲಿ ಹಿಂಡಿ-ಬೂಸಾ ಅಂಗಡಿ. ದನಗಳು ತಿನ್ನುವುದೆಲ್ಲ ಅಲ್ಲಿ ಸಿಗುತ್ತದೆ: ಶೇಂಗಾ ಹಿಂಡಿ, ಹತ್ತಿಕಾಳಿನ ಹಿಂಡಿ, ಗೋಧಿ ಬೂಸಾ, ತೌಡು, ಮೆಕ್ಕೆಜೋಳದ ನುಚ್ಚು. ಅವ್ವ ತೀರಿಕೊಂಡ ಮೇಲೆ ಅಪ್ಪ ಒಬ್ಬನೇ ಒದ್ದಾಡುವುದು ನೋಡಲಾಗದೆ ಅಂಗಡಿಗೆ ಹೋಗಿ ಕೂರಲು ಶುರುಮಾಡಿದವಳು ನಾನು. ಈಗಲೂ ಸಂಜೆ ಮನೆಗೆ ಹೋಗಿ ತಲೆ ಬಾಚಿದರೆ ಬಾಚಣಿಗೆಗೆ ಬೂಸಾ ಬರುತ್ತದೆ. ಇಷ್ಟು ವರ್ಷ ಕೂತರೂ ಬಂದ ಗಿರಾಕಿ ನನ್ನ ಮುಖ ನೋಡಿ ಕೇಳುವುದು ಒಂದೇ ಮಾತು, ‘ಅಪ್ಪಾರು ಇಲ್ಲೇನ್ರೀ?’ ಹಿಂಡಿಯ ವಾಸನೆ ನೋಡಿ ಎಣ್ಣೆ ಎಷ್ಟು ಉಳಿದಿದೆ ಎಂದು ಹೇಳಬಲ್ಲೆ. ಆದರೂ ಗಲ್ಲಾಪೆಟ್ಟಿಗೆಯ ಹಿಂದಿನ ಮೆತ್ತೆ ಅಪ್ಪನದು, ನನ್ನದು ಪಕ್ಕದ ಪ್ಲಾಸ್ಟಿಕ್ ಕುರ್ಚಿ.

ಹಾಗಾಗಿ ಅಪ್ಪ ಒಂದು ದಿನ ಮಧ್ಯಾಹ್ನ ಚಹಾ ಕುಡಿಯುತ್ತ, ‘ಇನ್ನೊಂದು ಅಂಗಡಿ ಹಾಕಾಣ ಅಂತ ಐತೆ’ ಅಂದಾಗ ನಾನು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡೆ. ಅದು ನನ್ನದೇ, ಇನ್ಯಾರದಾಗಲು ಸಾಧ್ಯ? ಎಲ್ಲಿ ಎಂದು ಕೇಳಿದೆ. ಅಪ್ಪ ಕೆಳಗೆ ಬಿದ್ದಿದ್ದ ಒಂದು ಕರಪತ್ರ ತೋರಿಸಿದ. ವ್ಯಾಪಾರಸ್ಥರಿಗೆ ತರಬೇತಿ, ವಿದ್ಯಾನಗರದ ಒಂದು ಬಾಡಿಗೆ ಹಾಲಿನಲ್ಲಿ, ಭಾನುವಾರಗಳಂದು. ಸರ್ಕಾರ ಎಲ್ಲರಿಗೂ ಸಿಗುವಂತೆ ಹಾಕಿರುವ ಲೆಕ್ಕಪತ್ರಗಳನ್ನು ನೋಡಿ ವ್ಯಾಪಾರ ಬೆಳೆಸುವುದು ಹೇಗೆ ಎಂದು ಕಲಿಸುತ್ತಾರಂತೆ. ಕರಪತ್ರದಲ್ಲಿ ‘ಮುಕ್ತ ದತ್ತಾಂಶ’ ಎಂದಿತ್ತು, ಆದರೆ ಊರಲ್ಲೆಲ್ಲ ಓಪನ್ ಡೇಟಾ ಕ್ಲಾಸು ಎಂದೇ ಹೆಸರಾಗಿತ್ತು.

‘ನೀ ಹೋಗಿ ಕಲ್ತು ಬಾ. ಎಲ್ಲಿ ಹಾಕಿದ್ರೆ ನಡೀತೈತೆ ಅಂತ ಲೆಕ್ಕ ತೆಗೆದು ಹೇಳು’ ಅಂದ ಅಪ್ಪ.

ಅವತ್ತು ರಾತ್ರಿ ಊಟಕ್ಕೆ ಮುಂಚೆಯೇ ಹರಿಹರದಿಂದ ಫೋನು. ‘ಅಕ್ಕ, ಅಪ್ಪ ಹೇಳ್ದ. ನಾನೂ ಬರ್ತೀನಿ ಕ್ಲಾಸಿಗೆ.’ ನಿನಗ್ಯಾಕೆ ಅದು ಅಂದೆ. ‘ಸುಮ್ನೆ ಮನ್ಯಾಗೆ ಕುಂತು ಏನ್ ಮಾಡ್ಲಿ, ಸೀರೆಗೆ ಫಾಲ್ಸ್ ಹಚ್ಚಿ ಹಚ್ಚಿ ಬ್ಯಾಸರಾಗೈತೆ’ ಎಂದು ನಕ್ಕಳು. ಮಾರನೇ ದಿನ ಅಂಗಡಿಯಲ್ಲಿ ಅಪ್ಪ ಹೊಸ ಮಾತು ತೆಗೆದ. ಇಬ್ಬರೂ ಕಲಿಯಿರಿ, ಇಬ್ಬರೂ ಜಾಗ ಹುಡುಕಿ. ಯಾರ ಲೆಕ್ಕ ಸರಿ ಬರುತ್ತೋ ಅವರ ಊರ ಕಡೆ ಅಂಗಡಿ, ಅದನ್ನು ನೋಡಿಕೊಳ್ಳುವುದೂ ಅವರೇ. ನಾನು ಬೂಸಾ ಅಳೆಯುತ್ತಿದ್ದೆ. ಅಳತೆ ತಪ್ಪಿ ಅರ್ಧ ನೆಲಕ್ಕೆ ಚೆಲ್ಲಿದೆ. ಇಷ್ಟು ವರ್ಷ ಹಿಂಡಿ ಧೂಳು ಕುಡಿದವಳು ನಾನು, ಪರೀಕ್ಷೆಗೆ ಮಾತ್ರ ಇಬ್ಬರೂ! ಅಪ್ಪನಿಗೆ ಹೇಳಿದ್ದರೆ ‘ಅವಳು ಸಣ್ಣಾಕಿ’ ಅನ್ನುತ್ತಿದ್ದ. ನಲವತ್ತು ಹತ್ತಿರ ಬಂದರೂ ಅವಳಿನ್ನೂ ಸಣ್ಣಾಕಿಯೇ.

ಮೊದಲ ಭಾನುವಾರ ಹಾಲಿನಲ್ಲಿ ಊರಿನ ವ್ಯಾಪಾರವೆಲ್ಲ ಬಂದು ಕೂತಂತಿತ್ತು. ಬೆಣ್ಣೆದೋಸೆ ಹೋಟೆಲಿನವರು, ಬೋರ್‌ವೆಲ್ ಮೋಟಾರು ಮಾರುವವರು, ಒಬ್ಬರು ಔಷಧಿ ಅಂಗಡಿಯವರು, ನನ್ನ ಪಕ್ಕದಲ್ಲಿ ಮಂಡಕ್ಕಿ ಹುರಿಯುವ ಭಟ್ಟಿ ಇಟ್ಟುಕೊಂಡಿದ್ದ ಒಬ್ಬ ಸಾಹೇಬರು. ಕಲಿಸಲು ಬಂದ ಮೇಡಂ ನನಗಿಂತ ಚಿಕ್ಕವರು, ಹುಬ್ಬಳ್ಳಿ ಕಡೆಯವರು, ಜೋರು ದನಿ. ಮಾರುಕಟ್ಟೆ ಧಾರಣೆ, ಮಳೆ, ಜನಗಣತಿ, ದನಗಣತಿ, ಶಾಲೆಗಳ ಪಟ್ಟಿ, ಇವೆಲ್ಲ ಎಲ್ಲೆಲ್ಲಿ ಸಿಗುತ್ತವೆ, ಇಳಿಸಿಕೊಳ್ಳುವುದು ಹೇಗೆ, ಇಳಿಸಿಕೊಂಡ ಮೇಲೆ ಅದರಲ್ಲಿನ ಕಸ ಆರಿಸುವುದು ಹೇಗೆ ಎಂದು ದೊಡ್ಡ ಪರದೆಯ ಮೇಲೆ ತೋರಿಸಿದರು.

‘ಪಟ್ಟಿಯೊಳಗ ಖಾಲಿ ಮನಿ ಬ್ಯಾರೆ, ಸೊನ್ನೆ ಇರೋ ಮನಿ ಬ್ಯಾರೆ. ಖಾಲಿ ಅಂದ್ರ ಯಾರೂ ಕೇಳಿಲ್ಲ ಅಂತ, ಸೊನ್ನೆ ಅಂದ್ರ ಕೇಳ್ಯಾರ, ಇಲ್ಲಂತ’ ಅಂದರು. ಸಾಹೇಬರು ತಲೆದೂಗಿ ಬರೆದುಕೊಂಡರು. ನಾನೂ ಬರೆದುಕೊಂಡೆ. ತಂಗಿ ಬರೆದುಕೊಳ್ಳಲಿಲ್ಲ, ಅವಳ ಬೆರಳು ಆಗಲೇ ಕಂಪ್ಯೂಟರಿನ ಮೇಲೆ ಓಡುತ್ತಿತ್ತು.

ಮೂರನೇ ವಾರಕ್ಕೆಲ್ಲ ನನಗೆ ಅರ್ಥವಾಗಿ ಹೋಯಿತು, ಕೆನೆಯ ಕತೆ ಇಲ್ಲೂ ಮುಂದುವರಿಯುತ್ತಿದೆ ಎಂದು. ನಾನು ಮಗಳ ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಎಷ್ಟು ತಿಣುಕಿದರೂ ನನ್ನ ಪಟ್ಟಿಯ ಸಾಲು ಒಂದು ಕಡೆ, ಅಂಕಿ ಒಂದು ಕಡೆ. ಚಿತ್ರ ಬರೆಸಲು ಹೋದರೆ ಹಲ್ಲು ಮುರಿದ ಬಾಚಣಿಗೆಯ ಹಾಗೆ ಏನೋ ಒಂದು ಬರುತ್ತಿತ್ತು. ತಂಗಿಯ ನಕ್ಷೆಯಲ್ಲಿ ಹರಿಹರ ತಾಲ್ಲೂಕಿನ ಒಂದೊಂದು ಹಳ್ಳಿಗೂ ಒಂದೊಂದು ಬಣ್ಣ, ಹೊಳೆ ಮಾತ್ರ ತೆಳು ನೀಲಿ. ಮೇಡಂ ಅದನ್ನು ಪರದೆಯ ಮೇಲೆ ಹಾಕಿ, ‘ನೋಡ್ರಿ, ಹಿಂಗಿರಬೇಕು’ ಅಂದರು. ಹೋಟೆಲಿನವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕೈ ತಟ್ಟುತ್ತಿತ್ತು, ಒಳಗೆ ಉರಿಯುತ್ತಿತ್ತು.

ಅದು ಸಾಲದು ಎಂಬಂತೆ ಊಟದ ಡಬ್ಬಿ. ಅವಳು ಮಂಡಕ್ಕಿ ಒಗ್ಗರಣೆ ಮಾಡಿಕೊಂಡು ಬರುತ್ತಿದ್ದಳು, ಇಡೀ ಹಾಲಿಗಾಗುವಷ್ಟು. ಮಂಡಕ್ಕಿ ಸಾಹೇಬರೇ ಎರಡು ಸಲ ಹಾಕಿಸಿಕೊಂಡು, ‘ಬೇಟಿ, ಭಟ್ಟಿ ನಮ್ದು, ಒಗ್ಗರಣೆ ನಿಮ್ದು’ ಎಂದು ಹೊಗಳಿದರು. ನನ್ನ ಚಪಾತಿ ಡಬ್ಬಿಯಲ್ಲೇ ಉಳಿಯುತ್ತಿತ್ತು. ಮೇಡಂ ಅವಳನ್ನು ಎರಡನೇ ವಾರದಿಂದಲೇ ‘ನೀ’ ಅನ್ನತೊಡಗಿದರು, ಇವಳು ಅವರನ್ನು ‘ಅಕ್ಕಾ’ ಅಂದಳು. ಆ ಮಾತು ನನ್ನ ಕಿವಿಗೆ ಬಿದ್ದಾಗ ನಾನು ನೀರು ಕುಡಿಯುತ್ತಿದ್ದೆ, ನೆತ್ತಿಗೇರಿತು. ಅಕ್ಕ ಇಲ್ಲಿ ಒಬ್ಬಳು ಬದುಕಿದ್ದಾಳಲ್ಲವೇ?

ಕ್ಲಾಸು ಮುಗಿದ ಮೇಲೆ ಇಬ್ಬರೂ ಮೂಲೆಯಲ್ಲಿ ತಲೆಗೆ ತಲೆ ಹಚ್ಚಿ ಕೂರುತ್ತಿದ್ದರು. ನಾನು ಚಪ್ಪಲಿ ಮೆಟ್ಟುವ ನೆವದಲ್ಲಿ ಬಗ್ಗಿ ನೋಡಿದರೆ ಪರದೆಯ ಮೇಲೆ ಶಾಲೆಗಳ ಪಟ್ಟಿ, ಯಾವ ಶಾಲೆಯಲ್ಲಿ ಎಷ್ಟು ಮಕ್ಕಳು ಎನ್ನುವುದು. ಇದ್ಯಾಕೆ ಎಂದು ಕೇಳಿದೆ. ‘ಮಗನ್ನ ಹೈಸ್ಕೂಲಿಗೆ ಎಲ್ಲಿ ಹಾಕಾದು ಅಂತ ನೋಡ್ತಿದ್ದೆ ಅಕ್ಕ’ ಅಂದಳು. ಮೇಡಂ ಪಟ್ಟನೆ ಆ ಪುಟ ಮುಚ್ಚಿದರು. ನನ್ನನ್ನು ಬಿಟ್ಟು ಮಾಡುವ ಮಾತು ಇವರಿಬ್ಬರಿಗೆ ಏನಿದೆ ಎಂದು ನಾನು ದಾರಿಯುದ್ದಕ್ಕೂ ಕುದಿದೆ. ಅವತ್ತು ಮೇಡಂ ತಮ್ಮ ಗಾಡಿಯ ಹಿಂದೆ ಅವಳನ್ನು ಕೂರಿಸಿಕೊಂಡು ಹರಿಹರದ ಬಸ್ಸಿಗೆ ಬಿಟ್ಟುಬಂದರು. ಶಾಮನೂರಿಗೂ ಬಸ್ಸಿದೆ, ನನ್ನನ್ನು ಯಾರೂ ಕೇಳಲಿಲ್ಲ.

ದನಗಣತಿಯ ಪಟ್ಟಿ ಕೈಗೆ ಬಂದ ದಿನವಂತೂ ನಾನು ಸೋತೇ ಹೋದೆ. ಹಿಂಡಿ ಅಂಗಡಿಗೆ ಮೊದಲು ಬೇಕಾದದ್ದು ದನ. ಎಲ್ಲಿ ದನ ಜಾಸ್ತಿಯೋ ಅಲ್ಲಿ ಅಂಗಡಿ, ಇಷ್ಟು ತಿಳಿಯಲು ಯಾವ ಕ್ಲಾಸೂ ಬೇಡ. ಶಾಮನೂರು ಮತ್ತು ಅದರಾಚೆಯ ಹಳ್ಳಿಗಳ ಮುಂದೆ ಬರೆದಿದ್ದ ಅಂಕಿ ನೋಡಿದರೆ ಅಲ್ಲಿ ಜನ ಹಾಲನ್ನು ಕನಸಲ್ಲಿ ಕುಡಿಯುತ್ತಾರೇನೋ ಅನ್ನಿಸುತ್ತಿತ್ತು. ಹರಿಹರದ ಕಡೆ, ಗುತ್ತೂರಿನ ದಾರಿಯ ಹಳ್ಳಿಗಳಲ್ಲಿ ತುಂಬಿ ತುಳುಕುವಷ್ಟು. ತಂಗಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ ‘ಅಯ್ಯೋ ಅಕ್ಕ, ನಿಮ್ಮೂರಾಗೆ ಇಷ್ಟೇನಾ?’ ಅಂದಳು. ಮರುಕದ ದನಿ. ಬೈದಿದ್ದರೂ ಸಹಿಸುತ್ತಿದ್ದೆ.

ಅಂಗಡಿಯಲ್ಲಿ ಅಪ್ಪ ‘ಎಲ್ಲಿಗೆ ಬಂತು ಲೆಕ್ಕ?’ ಎಂದು ಕೇಳಿದಾಗಲೆಲ್ಲ ನಡೀತಿದೆ ಎಂದು ಹಾರಿಸಿದೆ. ಹರಿಹರದಲ್ಲಿ ಹೊಸ ಅಂಗಡಿ, ಅದರೊಳಗೆ ಮೆತ್ತೆಯ ಮೇಲೆ ನನ್ನ ತಂಗಿ, ಗಿರಾಕಿಗಳು ಅವಳನ್ನು ‘ಅಕ್ಕಾರ’ ಎಂದು ಕರೆಯುವುದು, ಇದೇ ಕಣ್ಣ ಮುಂದೆ ಬರುತ್ತಿತ್ತು. ಆ ಮೆತ್ತೆಗೆ ಯಾವ ಬಣ್ಣದ ಗವಸು ಎನ್ನುವುದೂ ಕಾಣುತ್ತಿತ್ತು. ಹಸಿರು.

ಹೀಗೇ ಒಂದು ಬೆಳಿಗ್ಗೆ ಪಶು ಆಸ್ಪತ್ರೆಯವರು ನಮ್ಮ ಓಣಿಗೆ ಬಂದರು, ಕಾಲುಬಾಯಿ ಬೇನೆಗೆ ಲಸಿಕೆ ಹಾಕಲು. ನಮ್ಮ ಅತ್ತೆ ಹಿತ್ತಲಿನಿಂದ ಒಂದೊಂದೇ ಎಮ್ಮೆ ಹೊಡೆದುಕೊಂಡು ಬಂದರು. ಹಾಲು ಕೊಡುವುದು, ಬತ್ತಿದ್ದು, ಮೊನ್ನೆ ಹುಟ್ಟಿದ ಕರುವನ್ನೂ ‘ಇದಕ್ಕೂ ಹಾಕ್ರಿ’ ಎಂದು ಎತ್ತಿಕೊಂಡು ಬಂದರು. ಅದು ಇನ್ನೂ ಬಹಳ ಸಣ್ಣದು, ಈಗ ಬೇಡ ಅಂದರು ಅವರು. ಅತ್ತೆಗೆ ಸಿಟ್ಟೇ ಬಂತು. ಪಕ್ಕದ ಮನೆ, ಎದುರು ಮನೆ, ಎಲ್ಲ ಕಡೆಯೂ ಹಾಗೇ. ಓಣಿಯ ತುಂಬ ದನ. ನಾನು ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ನಿಂತುಬಿಟ್ಟೆ.

ಇದೇ ಅತ್ತೆ, ಇದೇ ಕಟ್ಟೆಯ ಮೇಲೆ ಕೂತು, ದನಗಣತಿಗೆ ಬಂದವರಿಗೆ ಬೇರೆ ಲೆಕ್ಕ ಕೊಟ್ಟದ್ದು ನಾನೇ ಕಂಡಿದ್ದೆ. ಬಂದವರು ಎಷ್ಟು ಎಮ್ಮೆ ಅಂದರು. ಆಗ ಪಕ್ಕದ ಮನೆಯ ನಮ್ಮ ದಾಯಾದಿ ಹೆಂಗಸು ಕಸಬರಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅತ್ತೆ ಒಮ್ಮೆ ಅವಳ ಕಡೆ ನೋಡಿ, ‘ಏನೋ, ಒಂದೆರಡು ಅದಾವಪ್ಪ, ಬರ್ಕಳ್ರಿ’ ಅಂದರು. ಅವಳ ಮನೆಗೆ ಹೋದಾಗ ಅವಳೂ ಅದನ್ನೇ ಹೇಳಿದಳು, ಅತ್ತೆ ಕೇಳುವಂತೆ. ನಮ್ಮ ಕಡೆ ಹಳೇ ಊರುಗಳಲ್ಲಿ ದನ ಎಷ್ಟು, ಹಾಲು ಎಷ್ಟು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ದೃಷ್ಟಿಯಾಗುತ್ತದೆ, ಕೆಚ್ಚಲು ಬಾತುಕೊಳ್ಳುತ್ತದೆ, ಕರು ಹಾಲು ಕುಡಿಯುವುದು ಬಿಡುತ್ತದೆ. ಸೂಜಿ ಹಾಕಲು ಬಂದವರಿಗೆ ಮಾತ್ರ ಹಾಗೆ ಹೇಳಲು ಬರುವುದಿಲ್ಲ, ಹೇಳಿದರೆ ಉಳಿದ ಎಮ್ಮೆಗೆ ಸೂಜಿ ತಪ್ಪುತ್ತದೆ. ಇಷ್ಟು ಕಣ್ಣಾರೆ ಕಂಡವಳು, ಹಿಂಡಿ ಮಾರುವವನ ಮಗಳು, ಕಂಪ್ಯೂಟರಿನಲ್ಲಿ ಅಂಕಿ ಬಂತೆಂದು ನಂಬಿ ಕೂತಿದ್ದೆನಲ್ಲ! ನನ್ನ ತಂಗಿಯೂ ನಂಬಿದ್ದಳು. ಅದೊಂದು ಸಮಾಧಾನ.

ಮುಖ ತೊಳೆಯುವುದನ್ನೂ ಮರೆತು ಲ್ಯಾಪ್‌ಟಾಪ್ ತೆಗೆದೆ. ಹಿಂದಿನ ಸಲಗಳ ಲಸಿಕೆಯ ಪಟ್ಟಿ ಎಲ್ಲಿ ಸಿಗುತ್ತದೆ ಎಂದು ಮೇಡಂ ಒಮ್ಮೆ ಹೇಳಿದ್ದರು, ಹುಡುಕಿ ತೆಗೆದೆ. ಊರಿಗೆ ಊರು ಪಕ್ಕದಲ್ಲಿಟ್ಟು ನೋಡಿದೆ. ಶಾಮನೂರಿನ ಕಡೆ ಗಣತಿಗೂ ಲಸಿಕೆಗೂ ಹೋಲಿಕೆಯೇ ಇಲ್ಲ, ಗಣತಿಯಲ್ಲಿ ಇಲ್ಲದ ದನಗಳೆಲ್ಲ ಲಸಿಕೆಯಲ್ಲಿ ಎದ್ದು ಬಂದಿದ್ದವು. ಹರಿಹರದ ಕಡೆ ಹೆಚ್ಚುಕಡಿಮೆ ಎರಡೂ ಒಂದೇ, ಲಸಿಕೆಯ ಲೆಕ್ಕದಲ್ಲಿ ನಮ್ಮ ಕಡೆಗಿಂತ ಕಡಿಮೆ. ಅಲ್ಲಿ ಫ್ಯಾಕ್ಟರಿಗೆಂದು ಎಲ್ಲೆಲ್ಲಿಂದಲೋ ಬಂದು ನೆಲೆಸಿದವರು ಜಾಸ್ತಿ, ಪಕ್ಕದ ಮನೆಯವರು ದಾಯಾದಿಗಳಾಗಿರುವುದಿಲ್ಲ, ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತಾರೆ. ನಾನು ಎದ್ದು ಹೋಗಿ ಅತ್ತೆಗೆ ಎರಡನೇ ಸಲ ಚಹಾ ಮಾಡಿಕೊಟ್ಟೆ. ‘ಏನು ಇವತ್ತು ವಿಶೇಷ?’ ಅಂದರು. ಏನಿಲ್ಲ ಅಂದೆ. ಈ ಸಂಗತಿ ತಂಗಿಗೆ ಗೊತ್ತಾಗದ ಹಾಗೆ ಕೊನೆಯ ಭಾನುವಾರದವರೆಗೂ ಬಾಯಿ ಬಿಗಿ ಹಿಡಿದೆ.

ಕೊನೆಯ ಭಾನುವಾರ ಒಬ್ಬೊಬ್ಬರೂ ಎದ್ದು ನಿಂತು ತಮ್ಮ ಕೆಲಸ ತೋರಿಸಬೇಕು, ಮನೆಯವರೂ ಬರಬಹುದು. ಅಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತ. ಸಾಹೇಬರು ಭತ್ತದ ಧಾರಣೆ ಯಾವ ತಿಂಗಳು ಇಳಿಯುತ್ತದೆ ಎಂದು ತೋರಿಸಿ ಕೂತರು. ತಂಗಿ ಎದ್ದಳು. ಅದೇ ಬಣ್ಣದ ನಕ್ಷೆ. ಗುತ್ತೂರಿನ ದಾರಿಯಲ್ಲಿ ಅಂಗಡಿ ಹಾಕಬಹುದು ಅಂದಳು, ಯಾಕೆ ಎಂದು ಎರಡು ಮಾತು ಹೇಳಿದಳು. ‘ನನಗೂ ಪೂರ್ತಿ ಖಾತ್ರಿ ಇಲ್ರಿ’ ಎಂದು ನಕ್ಕು ಕೂತುಬಿಟ್ಟಳು. ಅಷ್ಟೇ. ನಾನು ಇಷ್ಟು ವಾರ ಕಾದದ್ದು ಇದಕ್ಕಾ ಅನ್ನಿಸಿತು.

ನಾನು ಎದ್ದು ಎರಡು ಪಟ್ಟಿಗಳನ್ನೂ ಅಕ್ಕಪಕ್ಕ ಹಾಕಿದೆ. ಗಣತಿಯವರ ಮುಂದೆ ಜನ ಏನು ಹೇಳುತ್ತಾರೆ, ಸೂಜಿಯವರ ಮುಂದೆ ಏನು ಮಾಡುತ್ತಾರೆ ಎಂದು ಹೇಳಿದೆ. ಅತ್ತೆಯ ದನಿಯಲ್ಲೇ ‘ಒಂದೆರಡು ಅದಾವಪ್ಪ’ ಎಂದು ಮಾಡಿ ತೋರಿಸಿದಾಗ ಹಾಲಿಗೆ ಹಾಲೇ ನಕ್ಕಿತು. ಸಾಹೇಬರು ಕೂತಲ್ಲಿಂದಲೇ, ‘ಸಚ್ ಬಾತ್ ಮೇಡಂ, ಧಂದಾ ಹೆಂಗೈತೆ ಅಂದ್ರೆ ನಾವೂ ಏನೋ ಹೊಟ್ಟೆಪಾಡು ಗುಜರಾನ್ ಆಗ್ತೈತೆ ಅಂತೀವಿ’ ಅಂದರು.

ಮೇಡಂ ಖುಷಿಯಾಗಿ ಎದ್ದು ನಿಂತು ಕೇಳಿದರು, ‘ಭಾಳ ಚೊಲೋ ಹಿಡದ್ರಿ. ಖರೇ ಹೇಳ್ರಿ, ಮಂದಿ ಯಾರಿಗೆ ಹೆದರಿ ಕಡಿಮಿ ಹೇಳ್ತಾರ? ಸರ್ಕಾರಕ್ಕಾ?’

‘ಸರ್ಕಾರಕ್ಕೆ ಯಾರು ಹೆದರ್ತಾರೆ ಮೇಡಂ. ಮನೆ ಪಕ್ಕದವ್ರಿಗೆ, ತಮ್ಮೋರಿಗೆ. ಕಣ್ಣು ಬೀಳೋದು ಹತ್ರದೋರದೇ’ ಅಂದೆ.

ಮತ್ತೆ ಎಲ್ಲರೂ ನಕ್ಕರು. ನಾನು ತಂಗಿಯ ಮುಖ ನೋಡಿದೆ, ಸೋತದ್ದು ಹೇಗೆ ಕಾಣುತ್ತದೆ ಎಂದು ನೋಡಲು. ಅವಳು ಬ್ಯಾಗಿನೊಳಗೆ ಏನೋ ಹುಡುಕುತ್ತಿದ್ದಳು.

ಅಪ್ಪ ಅಲ್ಲೇ ತೀರ್ಮಾನ ಹೇಳಿದ. ‘ಶಾಮನೂರಿನ ಕಡೇಗೇ ಹಾಕಾಣ. ನೀನೇ ನೋಡ್ಕ.’ ನಾನು ವರ್ಷಗಟ್ಟಲೆ ಕಾದ ಮಾತು ಇಷ್ಟು ಸಣ್ಣದಾಗಿ ಬಂತು. ನಾನು ಏನಾದರೂ ಅನ್ನುವ ಮೊದಲೇ ತಂಗಿ ಬಂದು ನನ್ನನ್ನು ತಬ್ಬಿಕೊಂಡಳು. ‘ಅಕ್ಕ, ನಂಗೆ ಎಷ್ಟ್ ಖುಷಿ ಆತು ಗೊತ್ತಾ’ ಅಂದಳು. ಕಣ್ಣಲ್ಲಿ ನೀರು ಬೇರೆ. ನನಗೆ ಅದು ಒಂಚೂರೂ ಹಿಡಿಸಲಿಲ್ಲ. ಸೋತವಳು ಅಷ್ಟು ಖುಷಿಪಡಬಾರದು. ಗೆದ್ದವಳಿಗೆ ಏನೂ ಉಳಿಯುವುದಿಲ್ಲ.

ಅಂಗಡಿ ಆಯಿತು. ಊರಾಚೆಯ ಹೊಸ ಬಡಾವಣೆಗೂ ಹಳ್ಳಿಗಳ ದಾರಿಗೂ ನಡುವೆ, ಬಸ್ಸು ನಿಲ್ಲುವಲ್ಲಿ. ಪೂಜೆಯ ದಿನ ತಂಗಿ ಬಂದು ಹೂವಿನ ಹಾರ ಕಟ್ಟಿ, ಬಂದವರಿಗೆಲ್ಲ ಮಂಡಕ್ಕಿ ಹಂಚಿ, ಸಂಜೆಯ ಬಸ್ಸಿಗೆ ಹೋದಳು. ಮೆತ್ತೆಯ ಮೇಲೆ ನಾನು ಕೂತೆ. ವ್ಯಾಪಾರ ನನ್ನ ಲೆಕ್ಕ ಹೇಳಿದ ಹಾಗೇ ಕುದುರಿತು. ಗಣತಿಯಲ್ಲಿ ಕಾಣದ ದನಗಳೆಲ್ಲ ಹಿಂಡಿ ತಿನ್ನುತ್ತಿದ್ದವು. ಬರುವವರು ಚೀಲ ಹೊರುವಾಗಲೂ ‘ಇರೋದ್ ಒಂದ್ ಎಮ್ಮೆಗೆ ಇಷ್ಟು ಹಿಂಡಿ ನೋಡ್ರಿ’ ಎಂದೇ ಅನ್ನುತ್ತಿದ್ದರು, ನಾನೂ ಹೌದ್ರಿ ಅನ್ನುತ್ತಿದ್ದೆ. ಈಗ ಗಿರಾಕಿಗಳು ಅಪ್ಪನನ್ನು ಕೇಳುವುದಿಲ್ಲ. ಇದಕ್ಕಿಂತ ಇನ್ನೇನು ಬೇಕು ಎಂದು ನನ್ನನ್ನೇ ಕೇಳಿಕೊಂಡೆ. ಬೇಕಾಗಿತ್ತು. ತಂಗಿಯ ಮನೆಗೆ ಹೋಗಿ, ಅವಳ ಎದುರು ಕೂತು, ಅಂಗಡಿ ಹೇಗೆ ನಡೆಯುತ್ತಿದೆ ಎಂದು ಹೇಳಬೇಕಿತ್ತು. ಅವಳ ನಗು ಒಂದು ಕ್ಷಣವಾದರೂ ಕುಂದುವುದನ್ನು ನೋಡಬೇಕಿತ್ತು.

ಬೇಸಿಗೆ ರಜೆ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಮಗಳನ್ನು ಅಂಗಡಿಯಲ್ಲಿ ಕೂರಿಸಿ, ಬೆಣ್ಣೆ ಬಿಸ್ಕತ್ತು ಕಟ್ಟಿಸಿಕೊಂಡು, ಫೋನು ಮಾಡದೆ ಹರಿಹರದ ಬಸ್ಸು ಹತ್ತಿದೆ. ಅವಳ ಮನೆ ಓಣಿಯ ಕೊನೆಯಲ್ಲಿ. ಬಾಗಿಲಲ್ಲಿ ಹೆಂಗಸರ ಚಪ್ಪಲಿಗಳು ಸಾಲಾಗಿ ಬಿದ್ದಿದ್ದವು. ಯಾರೋ ಅರಿಶಿನ-ಕುಂಕುಮಕ್ಕೆ ಬಂದಿರಬೇಕು ಅಂದುಕೊಂಡು ‘ಏ ಇವಳೇ’ ಎಂದು ಕೂಗಿದೆ. ತಂಗಿ ಓಡಿಬಂದಳು. ನನ್ನನ್ನು ಕಂಡು ಒಂದು ಗಳಿಗೆ ನಿಂತು, ಒಳಗೆ ತಿರುಗಿ ಯಾರಿಗೋ ಕೈ ಮಾಡಿದಳು. ನಡುಮನೆಯ ಬಾಗಿಲು ಎಳೆದುಕೊಂಡು, ‘ಬಾ ಅಕ್ಕ, ಬಾ, ಕೂಡು’ ಅಂದಳು. ಸೀರೆಯ ಮೇಲೆಲ್ಲ ಕಡುನೀಲಿ ಬಟ್ಟೆಯ ಚೂರು ಅಂಟಿತ್ತು.

ಚಹಾ ಇಟ್ಟಳು. ಬಿಸ್ಕತ್ತು ತೆಗೆದು ತಟ್ಟೆಗೆ ಹಾಕಿದಳು. ನಾನು ಅಂಗಡಿಯ ಮಾತು ತೆಗೆದೆ, ಅವಳು ಎಲ್ಲದಕ್ಕೂ ‘ಹೌದಾ ಅಕ್ಕ, ಚಲೋ ಆತು’ ಅಂದಳು. ಅಷ್ಟರಲ್ಲಿ ಹೊರಗೆ ಲಗೇಜ್ ಆಟೋ ನಿಂತ ಸದ್ದಾಯಿತು. ಡ್ರೈವರು ಬಾಗಿಲಿಗೆ ಬಂದು, ‘ಅಕ್ಕಾರ, ಯೂನಿಫಾರಂ ಗಂಟು ರೆಡಿ ಆತೇನ್ರಿ? ಮಲೆಬೆನ್ನೂರು ಕಡೆ ಸ್ಕೂಲಿನೋರು ಎರಡ್ ಸಲ ಫೋನ್ ಮಾಡಿದ್ರು. ಶಾಲೆ ಶುರುವಾಗಾದ್ರೊಳಗೆ ಎಲ್ಲಾ ಮುಟ್ಟಿಸ್ಬೇಕಂತೆ’ ಅಂದ.

‘ಒಂದ್ ತಾಸು ಬಿಟ್ಟು ಬರ್ರಿ’ ಅಂದಳು ತಂಗಿ, ನನ್ನ ಕಡೆ ನೋಡದೆ.

ಶಾಲೆಗಳ ಪಟ್ಟಿ ಯಾಕೆ ಬೇಕಾಗಿತ್ತು, ಮೇಡಂ ಆ ಪುಟವನ್ನು ಯಾಕೆ ಮುಚ್ಚಿದರು ಎಲ್ಲ ಒಮ್ಮೆಗೇ ತಿಳಿಯಿತು. ಎಲ್ಲಿ ಎಷ್ಟು ಮಕ್ಕಳು, ಎಷ್ಟು ಜೊತೆ ಬಟ್ಟೆ ಎಂದು ಅವಳು ಮೊದಲೇ ಲೆಕ್ಕ ತೆಗೆದಿದ್ದಳು. ಅವಳು ಕ್ಲಾಸಿಗೆ ಬಂದದ್ದೇ ಅದಕ್ಕೆ. ಹಿಂಡಿ ಅಂಗಡಿ ಅವಳಿಗೆ ಬೇಕಾಗಿರಲೇ ಇಲ್ಲ. ಅಷ್ಟು ವಾರ ನಾನೊಬ್ಬಳೇ ಓಡಿ ನಾನೊಬ್ಬಳೇ ಗೆದ್ದಿದ್ದೆ.

‘ಯಾವಾಗ್ಲಿಂದ?’ ಎಂದು ಕೇಳಿದೆ.

‘ಈಗೀಗ ಅಕ್ಕ. ಏನೂ ದೊಡ್ಡದಲ್ಲ, ಹಂಗೇ ಸುಮ್ನೆ.’

‘ಅಪ್ಪಂಗೆ ಗೊತ್ತಾ?’

‘ಗೊತ್ತು.’ ಚಹಾದ ಲೋಟವನ್ನು ನನ್ನ ಹತ್ತಿರಕ್ಕೆ ಸರಿಸಿದಳು. ‘ನಿಂಗೆ ಹೇಳಬಾರ್ದು ಅಂತ ಅಲ್ಲ ಅಕ್ಕ. ಇನ್ನೂ ಕುದುರಿಲ್ಲ. ಕುದುರ್ಲಿ, ಆಮ್ಯಾಲೆ ಹೇಳಾಣ ಅಂತ.’

ಅಪ್ಪನಿಗೆ ಗೊತ್ತು, ಮೇಡಂಗೆ ಗೊತ್ತು, ಲಗೇಜ್ ಆಟೋದವನಿಗೂ ಗೊತ್ತು. ಕ್ಲಾಸಿಗೆ ಬರಲು ಅವಳಿಗೊಂದು ನೆವ ಬೇಕಾಗಿತ್ತು, ಆ ಪೈಪೋಟಿಯ ನೆವವನ್ನು ಅಪ್ಪನೇ ಒದಗಿಸಿಕೊಟ್ಟಿದ್ದ. ನನ್ನಿಂದ ಮುಚ್ಚಿಡಲು ಎಲ್ಲರೂ ಸೇರಿ ಅಷ್ಟು ಕಷ್ಟಪಟ್ಟಿದ್ದರು. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಅವಮಾನವಾಯಿತು.

‘ಒಳಗೆ ನೋಡ್ಲಾ?’ ಅಂದೆ.

ಅವಳು ಎದ್ದು ನಿಂತಳು. ಬೆನ್ನು ಆ ಬಾಗಿಲಿಗೆ ತಾಗಿತ್ತು. ‘ಇನ್ನೊಂದ್ಸಲ ಬಾ ಅಕ್ಕ, ನೀಟಾಗಿ ತೋರಿಸ್ತೀನಿ. ಈಗ ಎಲ್ಲಾ ಹರವಿ ಬಿಟ್ಟೈತೆ’ ಅಂದಳು. ನಗುತ್ತಲೇ ಅಂದಳು. ಆ ನಗುವಿನಲ್ಲಿ ಹೆದರಿಕೆ ಇತ್ತು, ಕರುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತ ಹೆಂಗಸಿನ ಹೆದರಿಕೆ. ಚಿಕ್ಕಂದಿನಿಂದ ನಾನು ಏನನ್ನು ನುಂಗಿಕೊಂಡು ಬಂದೆನೋ ಅದೆಲ್ಲ ಅವಳಿಗೆ ಗೊತ್ತಿತ್ತು.

ಹೊರಡುವಾಗ ಕುಂಕುಮ ಇಟ್ಟು, ಕುಪ್ಪಸದ ಖಣ ಕೊಟ್ಟು, ಓಣಿಯ ತಿರುವಿನವರೆಗೂ ಬರುತ್ತೇನೆ ಅಂದಳು. ಬ್ಯಾಡ, ನಿಂದು ಕೆಲಸ ಐತೆ ಅಂದೆ. ಬಾಗಿಲಲ್ಲಿ ನಿಂತು ಕೈ ಬೀಸಿದಳು, ನಾನೂ ಬೀಸಿದೆ. ತಿರುವು ದಾಟಿ ಇನ್ನೂ ಸ್ವಲ್ಪ ದೂರವೂ ಹೋಗಿರಲಿಲ್ಲ, ಹಿಂದೆ ಆ ಮನೆಯಿಂದ ಹೊಲಿಗೆ ಮಷೀನುಗಳ ಸದ್ದು ಎದ್ದಿತು. ಮೊದಲು ಒಂದು, ಆಮೇಲೆ ಎಲ್ಲವೂ ಒಟ್ಟಿಗೆ. ನಾನು ಒಳಗೆ ಕೂತಿದ್ದಷ್ಟು ಹೊತ್ತೂ ಅವು ನಿಂತಿದ್ದವು. ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ಯಾರದೋ ಮನೆಯ ಗೋಡೆಗೆ ಕೈಯಿಟ್ಟು ನಿಂತು, ಕಿವಿಗೊಟ್ಟು, ಎಷ್ಟು ಮಷೀನು ಇರಬಹುದು ಎಂದು ಲೆಕ್ಕ ಹಾಕತೊಡಗಿದೆ.